ಪಾದರಸ: ಮೊದಲು ರೂಪ ಕೇಳಿ, ಆಮೇಲೆ ವಿಷ

ಕೋಲಾರದಲ್ಲಿ ನನ್ನ ಜೊತೆ ಪರಿಸರ ವಿಷಯ ಓದುತ್ತಿರುವವರಿಗೆ ಈ ಟಿಪ್ಪಣಿ. ನನಗೆ ನಿನ್ನೆ ರಾತ್ರಿಯಷ್ಟೇ ತಲೆಗೆ ಹತ್ತಿತು, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಪಾದರಸ ಎಲ್ಲಿಂದ ಬರುತ್ತದೆ ಅನ್ನೋದು ಸುಲಭ. ಕಲ್ಲಿದ್ದಲು, ಸಿಮೆಂಟ್, ಹಳೆಯ ಕಾಸ್ಟಿಕ್ ಸೋಡಾ ಕಾರ್ಖಾನೆ, ಚಿನ್ನ ತೆಗೆಯುವ ಕೆಲಸ. ಮುಂದೆ ಹೋಗೋಣ.

ನಾನು ಸಿಕ್ಕಿಬಿದ್ದದ್ದು ಇಲ್ಲಿ. ಥರ್ಮಾಮೀಟರಿನ ಪಾದರಸ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಆದರೆ ಜಪಾನಿನ ಮಿನಮಾಟಾದಲ್ಲಿ ಪಾದರಸ ಸೇರಿದ ಮೀನು ತಿಂದವರ ನರಗಳೇ ಹಾಳಾದವು. ಎರಡೂ ಪಾದರಸವೇ ಅಲ್ವಾ? ಇಲ್ಲ, ರೂಪ ಬೇರೆ, ಒಳಗೆ ಹೋಗುವ ದಾರಿ ಬೇರೆ.

ದ್ರವ ಪಾದರಸವನ್ನು ಕರುಳು ಹೀರುವುದೇ ಇಲ್ಲ ಅನ್ನಬಹುದು. ಅದೇ ಆವಿಯಾಗಿ ಉಸಿರಿನಲ್ಲಿ ಹೋದರೆ ಸುಮಾರು 80% ದೇಹದಲ್ಲೇ ಉಳಿಯುತ್ತದೆ, ಮಿದುಳಿಗೂ ಕಿಡ್ನಿಗೂ ಹೋಗುತ್ತದೆ. ಕೈ ನಡುಕ ಅದರ ಗುರುತು. ಅದಕ್ಕೇ ಥರ್ಮಾಮೀಟರ್ ಒಡೆದರೆ ಪೊರಕೆ ಹಿಡಿಯಬಾರದು, ಕಿಟಕಿ ತೆರೆಯಬೇಕು. ಪಾದರಸದಲ್ಲಿ ಚಿನ್ನ ಹಿಡಿದು, ಕಾಯಿಸಿ ಬೇರ್ಪಡಿಸುವವರಿಗೂ ಇದೇ ಆವಿಯ ಅಪಾಯ. ಕೆಜಿಎಫ್ ಪಕ್ಕದಲ್ಲೇ ಇರುವ ನಮಗೆ ಇದು ಬರೀ ಪಾಠವಲ್ಲ.

ಮೂರನೆಯದು ಮೀಥೈಲ್ ಪಾದರಸ, ಅಂದರೆ ಇಂಗಾಲದ ಗುಂಪು ಅಂಟಿದ ಪಾದರಸ. ಊಟದಲ್ಲಿ ಬಂದದ್ದು ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಸೇರುತ್ತದೆ. ಬಸುರಿಯಿಂದ ಮಗುವಿಗೂ ದಾಟುತ್ತದೆ. ಗಾಳಿಯಿಲ್ಲದ ಕೆಸರಿನ ಬ್ಯಾಕ್ಟೀರಿಯಾ ಇದನ್ನು ತಯಾರಿಸುತ್ತವೆ. ಮಿನಮಾಟಾದಲ್ಲೂ ಹೀಗೇ ಆಯಿತು ಅಂತ ನಾನು ಬರೆದಿದ್ದೆ, ಅದು ತಪ್ಪು. ಅಲ್ಲಿ ಅಸಿಟಾಲ್ಡಿಹೈಡ್ ಅನ್ನೋ ರಾಸಾಯನಿಕ ತಯಾರಿಸುವಾಗ ಕಾರ್ಖಾನೆಯಲ್ಲೇ ಮೀಥೈಲ್ ಪಾದರಸ ಹುಟ್ಟಿ ಸೀದಾ ಕೊಲ್ಲಿಗೆ ಹೋಯಿತು. ರೋಗ ಬೆಳಕಿಗೆ ಬಂದದ್ದು 1956ರಲ್ಲಿ, ವಿಷ ನಿಂತದ್ದು 1968ರಲ್ಲಿ. ಈ ಹನ್ನೆರಡು ವರ್ಷ ನನಗೆ ಜೀರ್ಣವಾಗುತ್ತಿಲ್ಲ.

ನೀರಿನಲ್ಲಿ ಕಡಿಮೆ ಇದ್ದದ್ದು ಮೀನಿನಲ್ಲಿ ಜಾಸ್ತಿ ಹೇಗೆ? ಕೆರೆ ಅಂದುಕೊಳ್ಳಿ. ಪಾಚಿ ತಿಂದ ಸಣ್ಣ ಮೀನಿನಲ್ಲಿ 1 ಪಾಲು ಉಳಿಯಿತು ಅಂತಿಟ್ಟುಕೊಳ್ಳಿ. ಅಂಥ ನೂರು ಮೀನು ನುಂಗಿದ ಕೊರಮೀನಿಗೆ ಹೆಚ್ಚುಕಮ್ಮಿ ನೂರು ಪಾಲು. ತಿಂದದ್ದು ಬೇಗ ಖಾಲಿಯಾಗುವುದಿಲ್ಲ, ಅದೇ ಗುಟ್ಟು. ಮನುಷ್ಯನ ದೇಹದಲ್ಲೂ ಅರ್ಧ ಇಳಿಯಲು ಸುಮಾರು 50 ದಿನ ಬೇಕು. ಮೀನಿನಲ್ಲಿ ಅದು ಕೊಬ್ಬಿನಲ್ಲಲ್ಲ, ಮಾಂಸದಲ್ಲೇ ಅಂಟಿರುತ್ತದೆ. ಎಷ್ಟು ಬೇಯಿಸಿದರೂ ಹೋಗದು. ಹಾಗಾಗಿ ನೀರಿನ ಪರೀಕ್ಷೆ ಪಾಸಾಯಿತು ಅಂತ ಮೀನನ್ನು ಪರೀಕ್ಷಿಸದೆ ಬಿಡಬಾರದು.

ಕಾನೂನು ಚಿಕ್ಕದಾಗಿ: ಪಾದರಸ ತಡೆಯುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ 2013ರದು, ಜಾರಿ 2017, ಭಾರತ ಅನುಮೋದಿಸಿದ್ದು 2018. ನಮ್ಮ ಕುಡಿಯುವ ನೀರಿನಲ್ಲಿ ಪಾದರಸದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಸೊನ್ನೆ ಎಣಿಸಿ ಬರೆಯಿರಿ, ನಾನು ಒಂದು ಬಿಟ್ಟು ಅಂಕ ಕಳೆದುಕೊಂಡೆ.