ಡಯಲ್ ತಿರುಗಿಸಿದರೆ ಫಿಲ್ಮ್ ಬದಲಾಗಲ್ಲ

ಫಿಲ್ಮ್ ರೀಲು ತೊಳೆಯೋಕೆ ನನ್ನ ಹತ್ತಿರ ತಂದುಕೊಡುವ ಹೊಸಬರು ಖುಷಿಯಿಂದ ಹೇಳುವ ಒಂದು ಮಾತಿದೆ. "ಸರ್, ಒಳಗಡೆ ಕತ್ತಲೆ ಇತ್ತು, ಐಎಸ್‌ಒ 1600 ಮಾಡಿಕೊಂಡೆ. ಹೊರಗೆ ಬಂದಮೇಲೆ ವಾಪಸ್ 200ಕ್ಕೆ ಇಟ್ಟೆ." (ಐಎಸ್‌ಒ ಅಂದರೆ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ನಂಬರು; ದೊಡ್ಡದಾದಷ್ಟೂ ಕಮ್ಮಿ ಬೆಳಕು ಸಾಕು.) ಅದನ್ನು ಕೇಳಿದ ಕೂಡಲೇ, ರೀಲನ್ನು ಟ್ಯಾಂಕಿಗೆ ಹಾಕುವ ಮೊದಲೇ, ಒಳಗಡೆ ತೆಗೆದ ಫೋಟೋಗಳು ಕೆಟ್ಟಿವೆ ಅಂತ ನನಗೆ ಗೊತ್ತಾಗಿಬಿಡುತ್ತದೆ. ನಿಜಕ್ಕೂ ಬೇಜಾರಾಗುತ್ತದೆ. ಇವತ್ತು ಒಂದು ರೀಲಿಗೆ ಎಷ್ಟು ದುಡ್ಡು ಅಂತ ತಗೊಂಡವರಿಗೇ ಗೊತ್ತು.

ಅಪರ್ಚರ್ (ಲೆನ್ಸಿನ ಕಿಂಡಿ), ಶಟರ್ (ಬೆಳಕು ಬಿಡುವ ಬಾಗಿಲು), ಫೋಕಸ್ ಬಗ್ಗೆ ಹೇಳಲು ಹೋಗುವುದಿಲ್ಲ. ಡಿಜಿಟಲ್ ಕ್ಯಾಮೆರಾ ಹಿಡಿದವರಿಗೆ ಅದೆಲ್ಲ ಗೊತ್ತೇ ಇರುತ್ತದೆ. ತೊಂದರೆ ಶುರುವಾಗೋದೂ ಅಲ್ಲಿಂದಲೇ. ಡಿಜಿಟಲ್‌ನಲ್ಲಿ ಒಂದೊಂದು ಫೋಟೋಗೂ ಒಂದೊಂದು ಐಎಸ್‌ಒ ಇಡಬಹುದು. ಹಳೇ ಕ್ಯಾಮೆರಾದಲ್ಲೂ ಅವೇ ನಂಬರುಗಳಿರುವ ಡಯಲ್ ಇದೆ, ಹಾಗಾಗಿ ಅದನ್ನೂ ಹಾಗೇ ತಿರುಗಿಸುತ್ತಾರೆ.

ಆ ಡಯಲ್‌ಗೂ ಫಿಲ್ಮಿಗೂ ಸಂಬಂಧವೇ ಇಲ್ಲ. ಫಿಲ್ಮಿನ ಸ್ಪೀಡು, ಅಂದರೆ ಅದರ ಐಎಸ್‌ಒ, ಕಾರ್ಖಾನೆಯಲ್ಲೇ ತೀರ್ಮಾನ ಆಗಿರುತ್ತದೆ. ಡಬ್ಬಿ ಮೇಲೆ 200 ಅಂತ ಇದ್ದರೆ ಮೊದಲನೇ ಫ್ರೇಮಿನಿಂದ ಕೊನೇ ಫ್ರೇಮಿನವರೆಗೂ ಅದು 200. ಡಯಲ್ ಮಾತಾಡೋದು ಬೆಳಕು ಅಳೆಯುವ ಮೀಟರ್ ಜೊತೆ ಮಾತ್ರ: "ಒಳಗೆ ಇಂಥ ಫಿಲ್ಮ್ ಇದೆ, ಅದಕ್ಕೆ ತಕ್ಕ ಹಾಗೆ ಲೆಕ್ಕ ಹೇಳು." ಅನುಮಾನ ಇದ್ದರೆ ಪೆಂಟಾಕ್ಸ್ ಕೆ1000 ಅನ್ನುವ ಹಳೇ ಫಿಲ್ಮ್ ಕ್ಯಾಮೆರಾದ ಬ್ಯಾಟರಿ ತೆಗೆದುಬಿಡಿ. ಮೀಟರ್ ಸತ್ತಿರುತ್ತದೆ, ಶಟರ್ ಮಾತ್ರ ಆರಾಮಾಗಿ ಹೊಡೆಯುತ್ತದೆ. ಈಗ ಆ ಡಯಲನ್ನು 100ಕ್ಕಾದರೂ ಇಡಿ, 3200ಕ್ಕಾದರೂ ಇಡಿ, ಅಪರ್ಚರ್ ಮತ್ತು ಶಟರ್ ಮುಟ್ಟದಿದ್ದರೆ ಫೋಟೋದಲ್ಲಿ ಒಂದು ಚೂರೂ ವ್ಯತ್ಯಾಸ ಇರುವುದಿಲ್ಲ.

ಒಬ್ಬ ಹುಡುಗ ಇದೇ ಕ್ಯಾಮೆರಾ ಹಿಡಿದು ಸೋಮನಾಥಪುರಕ್ಕೆ ಹೋಗಿದ್ದ. ತಾತನ ಕ್ಯಾಮೆರಾ, 50 ಎಂಎಂ ಎಫ್/2 ಲೆನ್ಸು, ಒಳಗೆ ಕೊಡಾಕ್ ಗೋಲ್ಡ್ 200. ಹೊರಗಿನ ಗೋಡೆಯ ಶಿಲ್ಪಗಳು ಬಿಸಿಲಲ್ಲಿ ಬಹಳ ಚೆನ್ನಾಗಿ ಬಂದಿದ್ದವು, ಆನೆಗಳ ಸಾಲಂತೂ ಒಂದೊಂದೂ ಎಣಿಸುವ ಹಾಗಿತ್ತು. ಆಮೇಲೆ ಒಳಗೆ ಹೋಗಿದ್ದಾನೆ. ಅಲ್ಲಿನ ಕಡೆದ ಕಂಬಗಳು, ಚಾವಣಿ ನೋಡಿದವರಿಗೆ ಗೊತ್ತು, ಕಣ್ಣು ಹೊಂದಿಕೊಳ್ಳೋಕೇ ಸ್ವಲ್ಪ ಹೊತ್ತು ಬೇಕು. 200ರಲ್ಲಿ ಮೀಟರ್, ಅಪರ್ಚರ್ ಪೂರ್ತಿ ತೆರೆದ ಎಫ್/2ಗೆ 1/8 ಸೆಕೆಂಡ್ ಕೇಳಿದೆ. ಕೈ ಅಲ್ಲಾಡುತ್ತೆ ಅಂತ ಡಯಲನ್ನು 1600 ಮಾಡಿದ್ದಾನೆ, ಮೀಟರ್ ಈಗ 1/60 ಸಾಕು ಅಂದಿದೆ. ಅವನಿಗೆ ಸಮಾಧಾನ. ಆದರೆ ಫಿಲ್ಮಿಗೆ ಬೇಕಿದ್ದದ್ದು 1/8 ಸೆಕೆಂಡಿನ ಬೆಳಕೇ ಅಲ್ವಾ? ಸಿಕ್ಕಿದ್ದು ಅದರಲ್ಲಿ ಎಂಟನೇ ಒಂದು ಭಾಗ. 200, 400, 800, 1600, ಅಂದರೆ ಮೂರು ಸ್ಟಾಪ್ ಕಮ್ಮಿ, ಒಂದೊಂದು ಸ್ಟಾಪ್ ಇಳಿದಾಗಲೂ ಬೆಳಕು ಅರ್ಧ.

ನೆಗೆಟಿವನ್ನು ಲೈಟ್ ಬಾಕ್ಸ್ ಮೇಲೆ ಇಟ್ಟು ತೋರಿಸಿದೆ. ಹೊರಗಿನ ಫ್ರೇಮುಗಳು ಗಟ್ಟಿಯಾಗಿದ್ದವು. ಒಳಗಿನವು ಬರೀ ಕಿತ್ತಳೆ ಬಣ್ಣದ ಖಾಲಿ ಪಟ್ಟಿ, ಬಾಗಿಲಿಂದ ಬೆಳಕು ಬಿದ್ದ ಕಡೆ ಮಾತ್ರ ಕಂಬದ ಒಂದು ಅಂಚು. "ಆ ಫ್ರೇಮುಗಳನ್ನಷ್ಟೇ ಪುಶ್ ಮಾಡಬಹುದಿತ್ತಲ್ವಾ ಸರ್?" ಅಂತ ಕೇಳಿದ. ಪುಶ್ ಅಂದರೆ ಡೆವಲಪರ್‌ನಲ್ಲಿ, ಅಂದರೆ ಚಿತ್ರ ಮೂಡಿಸುವ ಕೆಮಿಕಲ್‌ನಲ್ಲಿ, ಜಾಸ್ತಿ ಹೊತ್ತು ಬಿಡೋದು. ಇಲ್ಲಪ್ಪಾ, ಆಗಲ್ಲ. ರೀಲು ಪೂರ್ತಿ ಒಂದೇ ಟ್ಯಾಂಕಿನಲ್ಲಿ, ಒಂದೇ ಕೆಮಿಕಲ್‌ನಲ್ಲಿ, ಒಂದೇ ಹೊತ್ತು ಇರುತ್ತದೆ. ಒಳಗಿನದಕ್ಕಂತ ಹೊತ್ತು ಜಾಸ್ತಿ ಮಾಡಿದ್ದರೆ ಚೆನ್ನಾಗಿ ಬಂದಿದ್ದ ಆನೆಗಳ ಸಾಲೂ ಕೆಡುತ್ತಿತ್ತು.

ಪುಶ್ ಮಾಡಿದರೆ ಏನಾಗುತ್ತೆ ನೋಡಿ. ಕಪ್ಪು ಬಿಳುಪಿನ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮ್ ತಗೊಳ್ಳಿ, ಅದು 400ರದ್ದು. ನೀರು ಬೆರೆಸದ ಐಡಿ-11 ಅನ್ನುವ ಡೆವಲಪರ್‌ನಲ್ಲಿ, 20 ಡಿಗ್ರಿಯಲ್ಲಿ, 400ಕ್ಕೇ ತೆಗೆದಿದ್ದರೆ ಅದಕ್ಕೆ ಏಳೂವರೆ ನಿಮಿಷ. ಅದನ್ನೇ 1600 ಅಂತ ತೆಗೆದಿದ್ದರೆ 14 ನಿಮಿಷ. ಆಗಲೂ ಏರೋದು ಅಲ್ಪ ಸ್ವಲ್ಪ ಬೆಳಕು ಬಿದ್ದ ಭಾಗಗಳೇ. ಕಾಂಟ್ರಾಸ್ಟ್ ಜಾಸ್ತಿ ಆಗುತ್ತದೆ, ಗ್ರೇನ್ (ಫೋಟೋದಲ್ಲಿ ಕಾಣುವ ಕಾಳುಗಳು) ದಪ್ಪ ಆಗುತ್ತದೆ, ಕೆಲವರಿಗೆ ಅದೇ ಇಷ್ಟ, ನನಗೂ ಮಳೆಗಾಲದ ರಸ್ತೆ ಫೋಟೋಗಳಲ್ಲಿ ಇಷ್ಟ. ಆದರೆ ಬೆಳಕೇ ಬೀಳದ ನೆರಳಿನಲ್ಲಿ ಏನೂ ಹುಟ್ಟುವುದಿಲ್ಲ. ಬಿತ್ತದ ಹೊಲಕ್ಕೆ ಎಷ್ಟು ಗೊಬ್ಬರ ಸುರಿದರೂ ಅಷ್ಟೇ.

ಹಾಗಾದರೆ ಏನು ಮಾಡೋದು? ರೀಲು ಹಾಕುವಾಗ ಡಬ್ಬಿ ಮೇಲಿನ ನಂಬರಿಗೆ ಡಯಲ್ ಇಡಿ, ರೀಲು ಮುಗಿಯೋತನಕ ಅದನ್ನು ಮರೆತುಬಿಡಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಅನ್ನುವ ಹೆಸರಿನ ರೀಲು ಬಳಸುತ್ತಿದ್ದ ಹಳೇ ಸ್ಟುಡಿಯೋದವರು ಹೀಗೇ ಮಾಡುತ್ತಿದ್ದರು. ಕತ್ತಲೆ ಜಾಗಕ್ಕೆ ಹೋಗುವುದು ಮೊದಲೇ ಗೊತ್ತಿದ್ದರೆ 400ರ ರೀಲು ಹಾಕಿಕೊಂಡು ಹೋಗಿ. ಅಲ್ಲೇ ಸಿಕ್ಕಿಹಾಕಿಕೊಂಡರೆ ಕಂಬಕ್ಕೆ ಒರಗಿ, ಉಸಿರು ಹಿಡಿದು, 1/8ರಲ್ಲೇ ಎರಡು ಮೂರು ಸಲ ಹೊಡೆಯಿರಿ. ಸ್ವಲ್ಪ ಅಲ್ಲಾಡಿದ ಫೋಟೋದಲ್ಲಿ ಏನಾದರೂ ಇರುತ್ತದೆ, ಖಾಲಿ ನೆಗೆಟಿವ್‌ನಲ್ಲಿ ಏನೂ ಇರುವುದಿಲ್ಲ.

ಅನುಮಾನ ಬಂದಾಗ ಬೆಳಕು ಜಾಸ್ತಿ ಕೊಡೋದೇ ವಾಸಿ. ಕಲರ್ ನೆಗೆಟಿವ್ ಒಂದು ಸ್ಟಾಪ್ ಜಾಸ್ತಿಯಾದರೆ ಸಾಮಾನ್ಯವಾಗಿ ಏನೂ ಅನ್ನುವುದಿಲ್ಲ. ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮಿಗೆ ಮಾತ್ರ ಈ ಮಾತು ಹೊಂದಲ್ಲ, ಅದರಲ್ಲಿ ಜಾಸ್ತಿ ಬಿದ್ದ ಬೆಳಕು ಬರೀ ಬಿಳಿಯಾಗಿ ಹೋಗುತ್ತದೆ. ತಾತನ ಪೆಟ್ಟಿಗೆಯಲ್ಲಿ ಸಿಕ್ಕ, ತಾರೀಖು ಮುಗಿದ ರೀಲುಗಳ ಬಗ್ಗೆ ನಾನು ಯಾವ ಭರವಸೆಯನ್ನೂ ಕೊಡುವುದಿಲ್ಲ. ಅವನ್ನು ಬೀರುವಿನಲ್ಲಿ ಇಟ್ಟಿದ್ದರೋ ಫ್ರಿಜ್‌ನಲ್ಲಿ ಇಟ್ಟಿದ್ದರೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಬೇಕು ಅಂತಲೇ ಇಡೀ ರೀಲನ್ನು 1600ಕ್ಕೆ ತೆಗೆದಿದ್ದರೆ ಅದು ತಪ್ಪಲ್ಲ, ಸಂತೋಷವಾಗಿ ಪುಶ್ ಮಾಡಿಕೊಡುತ್ತೇನೆ. ಆದರೆ ರೀಲು ಹೊರಗೆ ತೆಗೆದ ತಕ್ಷಣ ಮಾರ್ಕರ್‌ನಲ್ಲಿ ಡಬ್ಬಿ ಮೇಲೆ "1600" ಅಂತ ದೊಡ್ಡದಾಗಿ ಬರೆದುಕೊಡಿ. ಬಾಯಲ್ಲಿ ಹೇಳಿ ಹೋದರೆ ಸಾಲದು. ಏನೂ ಬರೆದಿಲ್ಲ ಅಂದರೆ ಡಬ್ಬಿ ಮೇಲಿನ ನಂಬರಿಗೇ ತೊಳೆಯುತ್ತೇನೆ.