ಓದುಗರ ಪ್ರಶ್ನೆ: ಶಾಂತಲೆ ರಾಜಮನೆತನದ ಮಗಳಾ?

"ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಯಾರ ಮಗಳು? ಯಾವ ರಾಜನ ಮನೆಯಿಂದ ಬಂದವಳು?" ಬೇಲೂರು ನೋಡಿ ಬಂದವರು ಆಗಾಗ ಕೇಳುವ ಪ್ರಶ್ನೆ.

ರಾಜನ ಮಗಳಲ್ಲ, ಅಧಿಕಾರಿಯ ಮಗಳು. ಅಪ್ಪ ಪೆರ್ಗಡೆ ಮಾರಸಿಂಗಯ್ಯ, ಶಿವಭಕ್ತ. ಅಮ್ಮ ಮಾಚಿಕಬ್ಬೆ, ಜೈನ ಧರ್ಮದವಳು. ಮಗಳು ಅಮ್ಮನ ದಾರಿ ಹಿಡಿದಳು. ಹಾಗಂತ ಗಂಡ ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದಾಗ ದೂರ ನಿಲ್ಲಲಿಲ್ಲ, ಅದೇ ಅಂಗಳದ ಕಪ್ಪೆ ಚೆನ್ನಿಗರಾಯನ ಗುಡಿ ಅವಳದ್ದೇ. ಒಂದೇ ಮನೆಯಲ್ಲಿ ಮೂರು ದೇವರು ಹೇಗೆ ಅಂತ ತಲೆ ಕೆಡಿಸಿಕೊಳ್ಳುವವರು ನಾವು. ಅವರ ಮನೆಯಲ್ಲಿ ಅದು ನಡೆದುಕೊಂಡು ಹೋಗುತ್ತಿತ್ತು.

ನಿಜವಾಗಿ ಕುತೂಹಲ ಇರುವುದು ಅಮ್ಮನ ಕಡೆಯವರಲ್ಲಿ. ದಂಡನಾಯಕ ನಾಗವರ್ಮ, ಅವನ ಹೆಂಡತಿ ಚಂದಿಕಬ್ಬೆ. ಇವರ ಮಗ ಬಲದೇವ, ಅವನೂ ದಂಡನಾಯಕನೇ, ಹೆಂಡತಿ ಬಾಚಿಕಬ್ಬೆ. ಈ ಬಲದೇವನ ಮಗಳೇ ಮಾಚಿಕಬ್ಬೆ, ಅವಳ ಅಣ್ಣನೋ ತಮ್ಮನೋ ಸಿಂಗಿಮಯ್ಯ, ಅಂದರೆ ಶಾಂತಲೆಯ ಸೋದರಮಾವ. ಸೇನೆ, ಆಡಳಿತ ನೋಡಿಕೊಂಡಿದ್ದ ದೊಡ್ಡ ಜೈನ ಮನೆತನ. ಕಿರೀಟ ಇರಲಿಲ್ಲ ಅಷ್ಟೇ, ಅರಮನೆಯ ಒಳಹೊರಗು ಚೆನ್ನಾಗಿ ಗೊತ್ತಿದ್ದ ಜನ. ಎಲ್ಲಿಂದಲೋ ಬಂದ ಬಡ ನರ್ತಕಿ ರಾಣಿಯಾದಳು ಅನ್ನೋ ಕಥೆ ಕೇಳೋಕೆ ಚೆಂದ, ಆದರೆ ಈ ವಂಶದ ಮುಂದೆ ನಿಲ್ಲುವುದಿಲ್ಲ. ಹಾಡು, ಕುಣಿತದಲ್ಲಿ ಅವಳು ನಿಪುಣೆ ಅಂತ ಶಾಸನಗಳು ಹೊಗಳುವುದು ಮಾತ್ರ ನಿಜ.

ಹೆಂಗಸಿನ ತವರಿನ ಬಗ್ಗೆ ಇಷ್ಟೊಂದು ವಿವರ ಉಳಿದದ್ದು ಹೇಗೆ? ಶ್ರವಣಬೆಳಗೊಳದ ಶಾಸನದಿಂದ, ಅದೂ ಸಾವಿನ ಶಾಸನದಿಂದ. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ರಾಣಿಯೇ ಹೋದಮೇಲೆ ನಾನಿನ್ನು ಇರಲಾರೆ ಅಂತ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸ ಮಾಡಿ ಸಲ್ಲೇಖನ ಅನ್ನೋ ಜೈನ ವ್ರತದಿಂದ ಪ್ರಾಣ ಬಿಟ್ಟಳು. ಆ ತಾಯಿಯ ನೆನಪಿಗೆ ಬರೆಸಿದ ಕಲ್ಲಾದ್ದರಿಂದ ಅವಳ ಅಪ್ಪ, ಅಜ್ಜ, ಅಜ್ಜಿ ಎಲ್ಲರ ಹೆಸರೂ ಬಂತು.

ಶಿವಗಂಗೆ ಅಂದ ಕೂಡಲೇ ಮುಂದಿನ ಪ್ರಶ್ನೆ ಬಂದೇ ಬರುತ್ತದೆ, ಅವಳು ಬೆಟ್ಟದಿಂದ ಹಾರಿದಳಂತೆ, ಹೌದಾ ಅಂತ. ಬೆಟ್ಟ ಹತ್ತಿದವರಿಗೆ ಜಾಗವನ್ನೂ ತೋರಿಸುತ್ತಾರೆ. ಶಾಸನದಲ್ಲಿ ಹಾರಿದ ಮಾತೇ ಇಲ್ಲ, ಶಿವಗಂಗೆಯಲ್ಲಿ ಸ್ವರ್ಗ ಸೇರಿದಳು ಅಂತಷ್ಟೇ ಇದೆ. ಗಂಡುಮಗು ಆಗಲಿಲ್ಲ ಅಂತ ಕೊರಗಿ ಸತ್ತಳು ಅನ್ನೋದು ಜನ ಆಮೇಲೆ ಕಟ್ಟಿಕೊಂಡ ಕಥೆ ಅಂತ ನನ್ನ ಅನಿಸಿಕೆ. ವಿಷ್ಣುವರ್ಧನನ ನಂತರ ಪಟ್ಟಕ್ಕೆ ಬಂದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ ಅಲ್ವಾ, ಅದನ್ನು ನೋಡಿ ಕಾರಣ ಹೊಂದಿಸಿದಂತಿದೆ.

ಕೊರಗುವ ಸ್ವಭಾವವೂ ಅವಳದ್ದಲ್ಲವೇನೋ. ಅವಳ ಬಿರುದುಗಳಲ್ಲಿ ಒಂದು, ಸೊಕ್ಕಿದ ಸವತಿಯರಿಗೆ ಮದ್ದಾನೆ ಅಂತ! 1123ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಶಾಂತಿನಾಥನಿಗೆ ಬಸದಿ ಕಟ್ಟಿಸಿ, ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಮೊಟ್ಟೆನವಿಲೆ ಅನ್ನೋ ಊರನ್ನು ದತ್ತಿ ಬಿಟ್ಟಳು. ಆ ಬಸದಿಗೆ ಇವತ್ತಿಗೂ ಸವತಿಗಂಧವಾರಣ ಬಸದಿ ಅಂತಲೇ ಹೆಸರು. ಗೊಮ್ಮಟನ ಬೆಟ್ಟದ ಎದುರಿನ ಚಿಕ್ಕಬೆಟ್ಟ ಅದು, ಹತ್ತೋದು ಕಷ್ಟವಿಲ್ಲ.