ಚಂದಾ ನಿಲ್ಲಿಸಿದರೆ ಲೈಟ್‌ರೂಮ್‌ನಲ್ಲಿರುವ ಫೋಟೋಗಳು ಹೋಗಿಬಿಡುತ್ತವೆಯೇ?

ಪ್ರಶ್ನೆ: ಮದುವೆ ಫೋಟೋಗ್ರಫಿ ಮಾಡುತ್ತೇನೆ. ನಾಲ್ಕೈದು ವರ್ಷದ ಕೆಲಸವೆಲ್ಲ ಅಡೋಬಿ ಕಂಪನಿಯ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ ಕ್ಲಾಸಿಕ್‌ನಲ್ಲಿದೆ. ಈ ಸಲ ಅಡೋಬಿಗೆ ಚಂದಾ ಕಟ್ಟದಿದ್ದರೆ ಫೋಟೋಗಳು ಕೈಬಿಟ್ಟು ಹೋಗುತ್ತವೆಯೇ?

ಹೋಗುವುದಿಲ್ಲ. ಮದುವೆ ಸೀಸನ್ ಮುಗಿದು ಕೈ ಸ್ವಲ್ಪ ಬಿಗಿಯಾದಾಗಲೆಲ್ಲ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಒಂದೇ ಸಾಲಿನ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಆ ಸಾಲನ್ನು ಯಾರೂ ನಂಬುವುದೂ ಇಲ್ಲ. ಈ ಸಲ ಪೂರ್ತಿ ಬರೆಯುತ್ತೇನೆ. ಮುಂದೆ ನಿಮ್ಮನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡಿ.

ಭಯದ ಬೇರು ಇರುವುದು ಒಂದು ತಪ್ಪು ನಂಬಿಕೆಯಲ್ಲಿ: ಫೋಟೋಗಳು ಲೈಟ್‌ರೂಮ್‌ನ ಹೊಟ್ಟೆಯೊಳಗಿವೆ ಎಂಬುದು. ಇಂಪೋರ್ಟ್ ಎಂಬ ಬಟನ್ ಒತ್ತಿದ್ದೇವೆ, ಚಿತ್ರಗಳು ಅಲ್ಲಿ ಕಾಣುತ್ತಿವೆ, ಅಂದಮೇಲೆ ಅಲ್ಲೇ ಇರಬೇಕು ಎಂದುಕೊಳ್ಳುತ್ತಾರೆ. ಇಲ್ಲ, ಅಲ್ಲಿಲ್ಲ. ಇಂಪೋರ್ಟ್ ಮಾಡಿದಾಗ ಲೈಟ್‌ರೂಮ್ ತನ್ನ ಕ್ಯಾಟಲಾಗ್‌ನಲ್ಲಿ, ಅಂದರೆ ಲೆಕ್ಕದ ಪುಸ್ತಕದಂಥ ಒಂದು ಫೈಲಿನಲ್ಲಿ, ಬರೆದುಕೊಳ್ಳುವುದು ಇಷ್ಟೇ: ಈ ಫೈಲ್ ಇಂಥ ಡ್ರೈವಿನ ಇಂಥ ಫೋಲ್ಡರಿನಲ್ಲಿದೆ, ಇದಕ್ಕೆ ಇಷ್ಟು ಎಕ್ಸ್‌ಪೋಶರ್ (ಬೆಳಕು) ಏರಿಸಲಾಗಿದೆ, ಹೀಗೆ ಕ್ರಾಪ್ ಮಾಡಲಾಗಿದೆ. ಲಗ್ನಪತ್ರಿಕೆಯಲ್ಲಿ ಛತ್ರದ ವಿಳಾಸ ಇರುತ್ತದೆ, ಛತ್ರ ಇರುವುದಿಲ್ಲವಲ್ಲ, ಹಾಗೆ.

ನಂಬಿಕೆ ಬರದಿದ್ದರೆ ಈಗಲೇ ಪರೀಕ್ಷಿಸಿ. ಯಾವುದಾದರೂ ಧಾರೆಯ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ‘ಶೋ ಇನ್ ಎಕ್ಸ್‌ಪ್ಲೋರರ್’ ಒತ್ತಿ. ಡಿ ಡ್ರೈವಿನಲ್ಲೋ ಹೊರಗಿನ ಹಾರ್ಡ್ ಡಿಸ್ಕಿನಲ್ಲೋ ನೀವೇ ಮಾಡಿದ ಫೋಲ್ಡರ್ ತೆರೆದುಕೊಳ್ಳುತ್ತದೆ, ಕ್ಯಾಮೆರಾ ಕೊಟ್ಟ ರಾ ಫೈಲು, ಅಂದರೆ ಸಂಸ್ಕರಿಸದ ಮೂಲ ಫೈಲು, ಅಲ್ಲೇ ಕೂತಿರುತ್ತದೆ. ಇನ್ನು ‘ಎಲ್‌ಆರ್‌ಕ್ಯಾಟ್’ (.lrcat) ಎಂದು ಹೆಸರು ಮುಗಿಯುವ ಫೈಲನ್ನು ಹುಡುಕಿ, ಅದೇ ಕ್ಯಾಟಲಾಗ್, ಅದರ ಗಾತ್ರ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು ಸುಮಾರು 25 ಎಂಬಿ ಎಂದಿಟ್ಟುಕೊಂಡರೂ, 3000 ಕ್ಲಿಕ್ಕಿನ ಒಂದೇ ಮದುವೆಗೆ 75 ಜಿಬಿ ಬೇಕು. ನಿಮ್ಮ ನಾಲ್ಕೈದು ವರ್ಷದ ಕ್ಯಾಟಲಾಗ್ ಎಲ್ಲ ಸೇರಿ ಕೆಲವೇ ಜಿಬಿ ಇರುತ್ತದೆ. ಅದರೊಳಗೆ ಅಷ್ಟು ಮದುವೆಗಳು ಹಿಡಿಸಲು ಸಾಧ್ಯವೇ?

ನಾನು ಇಷ್ಟು ಒತ್ತಿ ಹೇಳಲು ಕಾರಣ, ಈ ನಂಬಿಕೆಯಿಂದ ಆಗುವ ನಷ್ಟ ಚಂದಾ ನಿಲ್ಲಿಸುವುದರಿಂದ ಆಗುವ ನಷ್ಟಕ್ಕಿಂತ ಬಹಳ ದೊಡ್ಡದು. ಡಿಸ್ಕ್ ತುಂಬಿತು, ಹೇಗೂ ಲೈಟ್‌ರೂಮ್‌ನಲ್ಲಿ ಇವೆಯಲ್ಲ ಎಂದು ಮೂಲ ಫೋಲ್ಡರನ್ನೇ ಅಳಿಸುವವರಿದ್ದಾರೆ. ಅಳಿಸಿದ ಮೇಲೂ ಚಿಕ್ಕ ಚಿತ್ರಗಳು ಕಾಣುತ್ತಲೇ ಇರುತ್ತವೆ, ಏಕೆಂದರೆ ಪ್ರಿವ್ಯೂಗಳು ಬೇರೆ ಫೈಲಿನಲ್ಲಿ ಉಳಿದಿರುತ್ತವೆ. ಮೂಲೆಯಲ್ಲಿ ಮೂಡಿದ ಸಣ್ಣ ಆಶ್ಚರ್ಯಸೂಚಕ ಚಿಹ್ನೆಯನ್ನು ಯಾರೂ ಗಮನಿಸುವುದಿಲ್ಲ. ಆಲ್ಬಮ್ ಡಿಸೈನರ್ ಪೂರ್ತಿ ಗಾತ್ರದ ಫೋಟೋ ಕೇಳಿದ ದಿನ ಎಕ್ಸ್‌ಪೋರ್ಟ್ ಆಗುವುದಿಲ್ಲ. ಸ್ಮಾರ್ಟ್ ಪ್ರಿವ್ಯೂ, ಅಂದರೆ ಎಡಿಟ್ ಮಾಡಬಹುದಾದ ಚಿಕ್ಕ ಪ್ರತಿ, ಮಾಡಿಟ್ಟಿದ್ದರೆ ಉದ್ದದ ಬದಿಯಲ್ಲಿ 2560 ಪಿಕ್ಸೆಲ್ ಸಿಗುತ್ತದೆ. ಆದರೆ 12×36 ಇಂಚಿನ ಆಲ್ಬಮ್ ಹಾಳೆಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ತುಂಬಲು ಉದ್ದಕ್ಕೆ 10,800 ಪಿಕ್ಸೆಲ್ ಬೇಕು. ಒಂದು ಮನೆಯ ಮದುವೆ ಮತ್ತೊಮ್ಮೆ ನಡೆಯುವುದಿಲ್ಲ, ದಯವಿಟ್ಟು ಮೂಲ ಫೈಲುಗಳನ್ನು ಎರಡು ಡಿಸ್ಕಿನಲ್ಲಿಡಿ.

ಇನ್ನು ಚಂದಾ ಮುಗಿದರೆ ಆಗುವುದೇನು? ಕ್ಲಾಸಿಕ್ ತೆರೆಯುತ್ತದೆ. ಹೊಸ ಫೋಟೋ ಇಂಪೋರ್ಟ್ ಮಾಡಬಹುದು, ಹುಡುಕಬಹುದು, ಎಡಿಟ್ ಆದದ್ದನ್ನು ಎಕ್ಸ್‌ಪೋರ್ಟ್ ಮಾಡಬಹುದು, ಪ್ರಿಂಟ್ ಹಾಕಬಹುದು. ಎಡಿಟ್ ಮಾಡುವ ಡೆವಲಪ್ ಮತ್ತು ಫೋಟೋ ತೆಗೆದ ಜಾಗ ತೋರಿಸುವ ಮ್ಯಾಪ್ ವಿಭಾಗಗಳು ಮುಚ್ಚುತ್ತವೆ, ಮೊಬೈಲ್ ಜೊತೆಗಿನ ಸಿಂಕ್ ನಿಲ್ಲುತ್ತದೆ. ಅಂದರೆ ನಿಜವಾಗಿ ಕೈತಪ್ಪುವುದು ಡೆವಲಪ್‌ನಲ್ಲಿ ಎಡಿಟ್ ಬದಲಿಸುವ ಅವಕಾಶ. ನಿಮ್ಮ ಸ್ಲೈಡರ್ ಸೆಟ್ಟಿಂಗುಗಳನ್ನು ಬೇರೆ ಸಾಫ್ಟ್‌ವೇರ್ ಹಾಗೆಯೇ ಓದಿ ಅದೇ ಬಣ್ಣ ಕೊಡುವುದಿಲ್ಲ. ಉಚಿತವಾದ ಡಾರ್ಕ್‌ಟೇಬಲ್ ಒಂದಷ್ಟನ್ನು ಅರ್ಥಮಾಡಿಕೊಳ್ಳುತ್ತದೆ, ಪೂರ್ತಿಯಲ್ಲ. ಗ್ರಾಹಕರಿಗೆ ಕೊಟ್ಟ ಅಂತಿಮ ಫೋಟೋಗಳನ್ನು ಪೂರ್ತಿ ಗಾತ್ರದಲ್ಲಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡರೆ ಆ ಚಿಂತೆಯೂ ಇಲ್ಲ.

ಈ ಗೊಂದಲಕ್ಕೆ ಜನರನ್ನಷ್ಟೇ ದೂರುವುದು ಸರಿಯಲ್ಲ, ಅಡೋಬಿ ಇಟ್ಟ ಹೆಸರುಗಳೂ ಕಾರಣ. 2013ರಲ್ಲಿ ಫೋಟೋಶಾಪ್ ಚಂದಾಕ್ಕೆ ಹೋದಾಗ ಆ ಯೋಜನೆಯ ಹೆಸರು ಕ್ರಿಯೇಟಿವ್ ಕ್ಲೌಡ್ ಎಂದಿತ್ತು, ಎಲ್ಲವೂ ಇಂಟರ್ನೆಟ್ಟಿನಲ್ಲೇ ಇದೆ ಎನಿಸುವ ಹೆಸರು. ಸಾಫ್ಟ್‌ವೇರ್ ಆಗಲೂ ನಮ್ಮ ಕಂಪ್ಯೂಟರಿನಲ್ಲೇ ಓಡುತ್ತಿತ್ತು, ಈಗಲೂ ಓಡುತ್ತದೆ. ಒಮ್ಮೆ ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದಾಗಿದ್ದ ಕೊನೆಯ ಲೈಟ್‌ರೂಮ್ 2015ರ ಆರನೇ ಆವೃತ್ತಿ. 2017ರ ಅಕ್ಟೋಬರಿನಲ್ಲಿ ಹಳೆಯ ಲೈಟ್‌ರೂಮ್‌ಗೆ ಕ್ಲಾಸಿಕ್ ಎಂಬ ಬಾಲ ಸೇರಿಸಿ, ಹಳೆಯ ಹೆಸರನ್ನು ಹೊಚ್ಚಹೊಸ ಕ್ಲೌಡ್ ಆ್ಯಪ್‌ಗೆ ಕೊಟ್ಟರು. ಆ ಎರಡನೆಯದರಲ್ಲಿ ಮೂಲ ಫೋಟೋಗಳೇ ಅಡೋಬಿಯ ಸರ್ವರಿಗೆ ಹೋಗುತ್ತವೆ. ಅದನ್ನು ಬಳಸುವವರು ಚಂದಾ ಮುಗಿದ ಮೇಲೆ ಒಂದು ವರ್ಷದೊಳಗೆ ಮೂಲಗಳನ್ನು ಇಳಿಸಿಕೊಳ್ಳಬೇಕು. ಅಲ್ಲಿ ಮೊಬೈಲಿನಲ್ಲಿ ಒಂದು ಫೋಟೋ ಅಳಿಸಿದರೆ ಲ್ಯಾಪ್‌ಟಾಪಿನಿಂದಲೂ ಹೋಗುತ್ತದೆ. ಹಾಗಾಗಿ ಸಿಂಕ್ ಇದೆ ಎಂದು ಬ್ಯಾಕಪ್ ಬಿಡಬೇಡಿ.

ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ: ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ, ಆ ತಿಂಗಳು ನಿಲ್ಲಿಸಿ ಶ್ರಾವಣಕ್ಕೆ ಮತ್ತೆ ಶುರು ಮಾಡಿದರಾಯಿತಲ್ಲ? ಮೊದಲು ನಿಮ್ಮ ಪ್ಲಾನ್ ಯಾವುದು ನೋಡಿ. ತಿಂಗಳು ತಿಂಗಳು ಕಟ್ಟುತ್ತಿದ್ದರೂ ಅದು ವರ್ಷದ ಒಪ್ಪಂದವಾಗಿರಬಹುದು. ಅಂಥ ಒಪ್ಪಂದವನ್ನು ಮಧ್ಯೆ ಮುರಿದರೆ ಶುಲ್ಕ ಬೀಳುತ್ತದೆ. ಅಮೆರಿಕದಲ್ಲಿ ಅದು ಉಳಿದ ಕಂತುಗಳ ಅರ್ಧ. ಅದನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿಲ್ಲ ಎಂದು ಅಲ್ಲಿನ ಸರ್ಕಾರ 2024ರ ಜೂನಿನಲ್ಲಿ ಅಡೋಬಿಯ ಮೇಲೆ ಮೊಕದ್ದಮೆಯನ್ನೇ ಹೂಡಿತು. ಬ್ಯಾಂಕಿನಲ್ಲಿ ಆಟೋಪೇ ನಿಲ್ಲಿಸಿದ ಮಾತ್ರಕ್ಕೆ ಒಪ್ಪಂದ ರದ್ದಾಗುವುದಿಲ್ಲ, ಅಡೋಬಿ ಖಾತೆಗೆ ಹೋಗಿಯೇ ರದ್ದು ಮಾಡಬೇಕು. ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಆದರೆ ರಾತ್ರಿ ಆರತಕ್ಷತೆ ಶೂಟ್ ಮಾಡಿ ಬಂದವರಿಗೆ ಆ ಮೆಸೇಜ್ ಕಣ್ಣಿಗೆ ಬೀಳುವುದು ಕಷ್ಟ. ನವೀಕರಣದ ತಾರೀಖು ಖಾತೆಯ ಪುಟದಲ್ಲೇ ಇರುತ್ತದೆ. ಅದಕ್ಕೆ ಒಂದು ವಾರ ಮುಂಚೆ ಮೊಬೈಲಿನಲ್ಲಿ ರಿಮೈಂಡರ್ ಹಾಕಿಕೊಳ್ಳಿ, ಮುಂದುವರಿಸಬೇಕೋ ಬೇಡವೋ ಎಂದು ಆಗ ತೀರ್ಮಾನಿಸಿ.